ಬೆಟ್ಟದ ಲೆಕ್ಕಕ್ಕೆ ನಮ್ಮ ಫೋಟೋಗಳನ್ನೂ ಸೇರಿಸಿಕೊಳ್ಳಿ

ಮಾನ್ಯ ಅರಣ್ಯ ಸಚಿವರಿಗೆ, ಅರಣ್ಯ ಇಲಾಖೆಯ ಅಧಿಕಾರಿಗಳಿಗೆ, ಸಿಬ್ಬಂದಿಗೆ, ಮತ್ತು ಎರಡು ದಿನ ರಜೆ ಸಿಕ್ಕಿದರೆ ಸಾಕು ಬೆಟ್ಟದ ಕಡೆ ಹೊರಡುವ ನನ್ನಂಥ ಎಲ್ಲರಿಗೂ,

ನಮಸ್ಕಾರ.

ನಾನು ಹಾಸನದವಳು. ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಬೆಟ್ಟ ಹತ್ತುವುದು, ಫೋಟೋ ತೆಗೆಯುವುದು ನನ್ನ ಹವ್ಯಾಸ. ಕುಮಾರ ಪರ್ವತ, ತಡಿಯಂಡಮೋಳ್, ಕೊಡಚಾದ್ರಿ, ಎತ್ತಿನ ಭುಜ, ಬಲ್ಲಾಳರಾಯನ ದುರ್ಗ ಎಲ್ಲ ಹತ್ತಿದ್ದೇನೆ. ಹೊರದೇಶದ ಬೆಟ್ಟ ನೋಡಿದವಳಲ್ಲ, ಹಿಮಾಲಯಕ್ಕೂ ಹೋಗಿಲ್ಲ. ನನಗೆ ನಮ್ಮ ಘಟ್ಟವೇ ಸಾಕು ಅನ್ನಿಸುತ್ತದೆ. ಹಾಸನದಿಂದ ಬೆಳಗಿನ ಜಾವ ಬಸ್ ಹತ್ತಿದರೆ ಮಧ್ಯಾಹ್ನದೊಳಗೆ ಯಾವುದಾದರೂ ಒಂದು ಬೆಟ್ಟದ ಬುಡದಲ್ಲಿ ಇರಬಹುದು. ಅಂಥ ಊರಿನಲ್ಲಿ ಹುಟ್ಟಿದ್ದು ನನ್ನ ಪುಣ್ಯ.

ಈ ಪತ್ರ ಒಂದು ಕಲ್ಲಿನ ಬಗ್ಗೆ. ಅದರ ಕಥೆ ಹೇಳಿದರೆ ನನ್ನ ಬೇಡಿಕೆ ಏನು ಅಂತ ನಿಮಗೆ ತಾನಾಗಿಯೇ ಗೊತ್ತಾಗುತ್ತದೆ.

ಕುದುರೆಮುಖ ಚಾರಣ ಮಾಡಿದವರಿಗೆ ಒಂಟಿಮರ ಗೊತ್ತಿರುತ್ತದೆ. ಮುಳ್ಳೋಡಿಯಿಂದ ಹೊರಟು, ಹಳ್ಳಗಳನ್ನು ದಾಟಿ, ಕಾಡಿನ ನೆರಳು ಮುಗಿದು ಹುಲ್ಲುಗಾವಲು ತೆರೆದುಕೊಂಡ ಮೇಲೆ ಆ ಮರ ಸಿಗುತ್ತದೆ. ಎಲ್ಲರೂ ಅಲ್ಲಿ ಕೂತು ನೀರು ಕುಡಿಯುತ್ತಾರೆ. ಅಲ್ಲಿಂದ ಸ್ವಲ್ಪ ಮುಂದೆ ಹಾದಿ ಎಡಕ್ಕೆ ತಿರುಗುವ ಕಡೆ ಒಂದು ಕಪ್ಪು ಕಲ್ಲಿದೆ. ಮಲಗಿದ ಎಮ್ಮೆಯ ಹಾಗೆ. 2013ರ ನವೆಂಬರ್‌ನಲ್ಲಿ ಮೊದಲ ಸಲ ಹೋದಾಗ ಸುಮ್ನೆ ಅದರ ಫೋಟೋ ತೆಗೆದೆ. ಹಿಂದೆ ಬಂಗಾರದ ಬಣ್ಣದ ಹುಲ್ಲು, ಅದರಾಚೆ ಕಣಿವೆಯಲ್ಲಿ ಕಡುಹಸಿರು ಶೋಲಾ ಕಾಡು, ಮೇಲೆ ಮಂಜು. ಹಾದಿ ಒಂದು ಹೆಜ್ಜೆಯಷ್ಟೇ ಅಗಲ. ಇಬ್ಬರು ಎದುರಾದರೆ ಒಬ್ಬರು ಹುಲ್ಲಿಗೆ ಇಳಿದು ದಾರಿ ಬಿಡಬೇಕಿತ್ತು.

ಮುಂದಿನ ವರ್ಷ ಹೋದಾಗ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆದೆ. ಆಮೇಲೆ ಅದೊಂದು ಅಭ್ಯಾಸವಾಯಿತು. ಎಂಟು ಸಲ ಹೋಗಿದ್ದೇನೆ, ಎಂಟು ಫೋಟೋ ಇವೆ. 2016ರಿಂದ ನನ್ನ ಜೊತೆ ಬರುತ್ತಿದ್ದ ಗೈಡ್ ಅಲ್ಲಿನ ಊರಿನವರೇ. ಮನೆಯಲ್ಲಿ ಒಂದಿಷ್ಟು ಅಡಿಕೆ, ಕಾಫಿ ಇದೆ. ಅವರು ಒಮ್ಮೆ ಕೇಳಿದರು.

"ನೀವು ಎಂತ ಪ್ರತಿ ಸಲ ಈ ಕಲ್ಲಿನ ಫೋಟೋನೇ ತೆಗೀತೀರಿ ಮಾರಾಯ್ರೆ? ತುದಿಗೆ ಹೋದ್ರೆ ಎಷ್ಟು ಚಂದ ಸಿಗ್ತದೆ."

ಕ್ಯಾಮೆರಾದಲ್ಲೇ ಹಳೆಯ ಫೋಟೋ ತೋರಿಸಿದೆ. ಅವರು ತುಂಬ ಹೊತ್ತು ನೋಡಿದರು. ಆಮೇಲೆ ಕಲ್ಲಿನ ಹತ್ತಿರ ಹೋಗಿ ಕೂತು ಕೈಯಿಂದ ಅದರ ಬುಡ ಸವರಿದರು.

"ಇಲ್ಲಿ ನೋಡಿ. ಮೇಲೆ ಎಲ್ಲ ಕಲ್ಲುಹೂವು ಹಿಡಿದಿದೆ. ಕೆಳಗೆ ಇಲ್ಲ."

ಅವರು ತೋರಿಸಿದ್ದನ್ನು ಅಷ್ಟು ವರ್ಷ ನಾನು ಗಮನಿಸಿರಲಿಲ್ಲ. ಕಲ್ಲಿನ ಬೆನ್ನ ಮೇಲೆ ಬೂದು, ಹಸಿರು ಬಣ್ಣದ ಕಲ್ಲುಹೂವು ಮಚ್ಚೆ ಮಚ್ಚೆಯಾಗಿ ಹರಡಿತ್ತು. ಅದರ ಕೆಳಗೆ ಒಂದು ಗೆರೆ. ಗೆರೆಯಿಂದ ಕೆಳಗೆ ಕಲ್ಲು ಬೋಳಾಗಿತ್ತು, ಮಣ್ಣಿನ ಕೆಂಪು ಇನ್ನೂ ಅಂಟಿಕೊಂಡಿತ್ತು. ಕಲ್ಲುಹೂವು ಬಹಳ ನಿಧಾನವಾಗಿ ಬೆಳೆಯುತ್ತದೆ. ಅದು ಇಲ್ಲ ಅಂದರೆ ಆ ಭಾಗ ಇತ್ತೀಚಿನವರೆಗೂ ಮಣ್ಣಿನೊಳಗೆ ಇತ್ತು ಅಂತ ಅರ್ಥ. ನನ್ನ ಗೇಣಿನಲ್ಲಿ ಅಳೆದೆ. ಒಂದು ಗೇಣು, ಮೇಲೆ ನಾಲ್ಕು ಬೆರಳು. ಅಷ್ಟು ಮಣ್ಣು ಆ ಜಾಗದಿಂದ ಹೋಗಿತ್ತು. 2013ರ ಫೋಟೋದಲ್ಲಿ ಎಮ್ಮೆ ಹುಲ್ಲಿನಲ್ಲಿ ಮಲಗಿದೆ, ಬೆನ್ನಷ್ಟೇ ಕಾಣುತ್ತದೆ. ಕೊನೆಯ ಫೋಟೋದಲ್ಲಿ ಅದು ಎದ್ದು ನಿಲ್ಲಲು ಹೊರಟ ಹಾಗಿದೆ.

ಹಾದಿಯೂ ಬದಲಾಗಿದೆ. ಒಂದು ಹೆಜ್ಜೆಯಗಲ ಇದ್ದದ್ದು ಈಗ ಮೊಣಕಾಲು ಆಳದ ಕೊರಕಲು. ಅದರ ಬಲಕ್ಕೆ ಇನ್ನೊಂದು ಹಾದಿ, ಅದೂ ಸವೆದಿದೆ. ಅದರ ಪಕ್ಕ ಮೂರನೆಯದು ಈಗ ಶುರುವಾಗಿದೆ.

ಇದು ಹೇಗಾಗುತ್ತದೆ ಅಂತ ಬೆಟ್ಟದಲ್ಲಿ ನಡೆದವರಿಗೆಲ್ಲ ಗೊತ್ತು. ನಮ್ಮ ಘಟ್ಟದ ಹುಲ್ಲುಗಾವಲಿನಲ್ಲಿ ಮಣ್ಣಿನ ಪದರ ತೆಳು, ಕೆಳಗೆ ಬಂಡೆ. ಆ ಮಣ್ಣನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು. ಸಾವಿರಾರು ಕಾಲು ಒಂದೇ ಗೆರೆಯಲ್ಲಿ ಬಿದ್ದರೆ ಬೇರು ಸಾಯುತ್ತದೆ. ಕುದುರೆಮುಖದ ಕಡೆ ವರ್ಷಕ್ಕೆ 5000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಬೇರು ಸತ್ತ ಗೆರೆಯಲ್ಲಿ ಮೊದಲ ಜಡಿಮಳೆಗೇ ನೀರು ದಾರಿ ಮಾಡಿಕೊಳ್ಳುತ್ತದೆ. ಹಾದಿ ಹಳ್ಳವಾಗುತ್ತದೆ. ಹಳ್ಳದಲ್ಲಿ ಜಾರುತ್ತದೆ ಅಂತ ನಾವು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತೇವೆ. ಮುಂದಿನ ವರ್ಷ ಅದೂ ಹಳ್ಳ. ಇದರಲ್ಲಿ ಯಾರೂ ಬೇಕಂತ ತಪ್ಪು ಮಾಡಿಲ್ಲ. ಷೂ ಕೆಸರಾಗದಿರಲಿ ಅಂತ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟವರು ಅಷ್ಟೇ. ನಾನೂ ಇಟ್ಟಿದ್ದೇನೆ.

ಇನ್ನೊಂದು ಫೋಟೋ ಬಗ್ಗೆ ಹೇಳಲೇಬೇಕು. ಅದು 2020ರ ಕೊನೆಯದು. ಕೋವಿಡ್ ಲಾಕ್‌ಡೌನ್‌ನಿಂದ ತಿಂಗಳುಗಟ್ಟಲೆ ಯಾರೂ ಆ ಹಾದಿ ತುಳಿದಿರಲಿಲ್ಲ. ಆ ಫೋಟೋದಲ್ಲಿ ಕೊರಕಲಿನ ಅಂಚುಗಳಿಂದ ಹುಲ್ಲು ಒಳಕ್ಕೆ ಬಾಗಿದೆ. ಬಲಗಡೆಯ ಎರಡನೇ ಹಾದಿ ಹುಡುಕಿದರೂ ಸರಿಯಾಗಿ ಕಾಣುವುದಿಲ್ಲ, ಅಷ್ಟು ಮುಚ್ಚಿಹೋಗಿದೆ. ಒಂದು ಮಳೆಗಾಲ ನಾವು ಸುಮ್ಮನಿದ್ದದ್ದಕ್ಕೆ ಬೆಟ್ಟ ಅಷ್ಟು ಚೇತರಿಸಿಕೊಂಡಿತ್ತು. ಹಳ್ಳಿಯಲ್ಲಿ ಹೊಲ ಬೀಳು ಬಿಡುತ್ತಾರಲ್ಲ, ಹಾಗೆ. ಎಂಟು ಫೋಟೋಗಳಲ್ಲಿ ನನಗೆ ಅತಿ ಹೆಚ್ಚು ಧೈರ್ಯ ಕೊಟ್ಟದ್ದು ಅದೇ. ಎರಡು ವರ್ಷ ಬಿಟ್ಟು ಹೋದಾಗ ಎರಡನೇ ಹಾದಿ ಮತ್ತೆ ತೆರೆದಿತ್ತು.

ಈಗ ನಿಮ್ಮ ಕಡೆಗೆ ಬರುತ್ತೇನೆ.

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದಲ್ಲಿ ಆದದ್ದು ನಾಡಿಗೇ ಗೊತ್ತು. ಸಾವಿರಾರು ಜನ ಒಟ್ಟಿಗೆ ಬಂದರು. ಸಾಲುಗಟ್ಟಿ ನಿಂತ ಜನರ ಫೋಟೋ, ವಿಡಿಯೋ ಎಲ್ಲರ ಮೊಬೈಲಿಗೂ ತಲುಪಿದವು. ಕೆಲವೇ ದಿನದಲ್ಲಿ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆಗಳಲ್ಲೆಲ್ಲ ಚಾರಣ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣ ಬಂತು. ಒಂದು ಹಾದಿಗೆ ದಿನಕ್ಕೆ 300 ಜನ ಮೀರಬಾರದು ಅಂತ ಮಿತಿ ಬಂತು. ಗುರುತಿನ ಚೀಟಿ ಕೊಟ್ಟು, ಮೊದಲೇ ಟಿಕೆಟ್ ಮಾಡಿಸಿ ಹೋಗುವ ಕ್ರಮ ಬಂತು. ನಾನು ಇದನ್ನು ಮನಸಾರೆ ಒಪ್ಪುತ್ತೇನೆ. ಟಿಕೆಟ್ ಸಿಗದೆ ಎರಡು ಸಲ ಪ್ರಯಾಣ ಬಿಟ್ಟಿದ್ದೇನೆ, ಬೇಸರ ಆಗಿಲ್ಲ. ಕುಕ್ಕೆಯಿಂದ ಆ ಕಾಡಿನ ಏರು ಹತ್ತಿ, ಭಟ್ಟರ ಮನೆಯಲ್ಲಿ ಅನ್ನ ಸಾರು ಮಜ್ಜಿಗೆ ಉಂಡು, ಕಲ್ಲುಮಂಟಪ ದಾಟಿ ಶೇಷ ಪರ್ವತದ ಅಂಚಿನಲ್ಲಿ ನಿಂತವರಿಗೆ ಗೊತ್ತು, ಆ ಹಾದಿ ಜಾತ್ರೆಗಾಗಿ ಇರುವುದಲ್ಲ.

ಒಂದು ಮಾತು ಮಾತ್ರ ನೆನಪಿಸಬೇಕು. ಆ ನಿಯಮ ಬಂದದ್ದು ಫೋಟೋಗಳಿಂದ. ಕುಮಾರ ಪರ್ವತದಲ್ಲಿ ಜನ ಜಾಸ್ತಿಯಾಗುತ್ತಿದ್ದಾರೆ ಅಂತ ಅದಕ್ಕೂ ಮುಂಚೆ ಎಷ್ಟೋ ಜನ ಹೇಳಿದ್ದರು, ಬರೆದಿದ್ದರು. ಆದರೆ ಕಣ್ಣಿಗೆ ಕಂಡಾಗಲೇ ವಿಷಯ ಎಲ್ಲರ ಮನಸ್ಸಿಗೆ ಇಳಿಯಿತು. ಜನ ಸೇರಿದ್ದು ಒಂದು ದಿನದಲ್ಲಿ ಕಾಣುತ್ತದೆ, ಒಂದೇ ವಿಡಿಯೋ ಸಾಕು. ಮಣ್ಣು ಸವೆದದ್ದು ಹಾಗಲ್ಲ. ಅದನ್ನು ಕಾಣಬೇಕಾದರೆ ಒಂದೇ ಜಾಗದಲ್ಲಿ ವರ್ಷ ವರ್ಷ ನಿಂತು ನೋಡಬೇಕು.

ನನ್ನ ವೃತ್ತಿಯ ಮಾತಿನಲ್ಲೇ ಹೇಳುತ್ತೇನೆ. ಆವಕ ಬರೆದು ಜಾವಕ ಬರೆಯದಿದ್ದರೆ ಅದು ಲೆಕ್ಕದ ಪುಸ್ತಕ ಆಗುವುದಿಲ್ಲ. ಈಗ ಬೆಟ್ಟಕ್ಕೆ ಎಷ್ಟು ಜನ ಬಂದರು ಅಂತ ಬರೆದಿಡುತ್ತೀರಿ, ಅದು ಆವಕ. ಬೆಟ್ಟದಿಂದ ಏನು ಹೋಯಿತು ಅಂತಲೂ ಬರೆದಿಡಬೇಕು, ಅಲ್ವಾ? 300 ಜನ ಹತ್ತಿದರೆ 300 ಜನ ಇಳಿಯುತ್ತಾರೆ. ಅಂದರೆ ನನ್ನ ಕಲ್ಲಿನಂಥ ಒಂದು ಜಾಗವನ್ನು ದಿನಕ್ಕೆ 600 ಸಲ ಜನ ದಾಟುತ್ತಾರೆ, ಶನಿವಾರ ಭಾನುವಾರ ಸೇರಿ 1200 ಸಲ. ಬಂಡೆಯ ಮೇಲಿನ ಹಾದಿ ಇದನ್ನು ತಾಳುತ್ತದೆ. ಮಳೆ ನಿಂತು ವಾರವೂ ಆಗದ ಒದ್ದೆ ಹುಲ್ಲುಗಾವಲು ತಾಳುವುದಿಲ್ಲ. 300 ಎನ್ನುವುದು ಗರಿಷ್ಠ ಮಿತಿ ಅಂತ ಗೊತ್ತು. ಆದರೆ ಯಾವ ಬೆಟ್ಟಕ್ಕೆ, ಯಾವ ತಿಂಗಳಲ್ಲಿ ಎಷ್ಟು ಜನ ಸರಿ ಅಂತ ಆ ಬೆಟ್ಟವನ್ನು ನೋಡಿಯೇ ತೀರ್ಮಾನಿಸಬೇಕು. ನೋಡಲು ನಿಮ್ಮ ವಾಚರ್, ಗಾರ್ಡ್‌ಗಳಿಗೆ ಪುರುಸೊತ್ತು ಎಲ್ಲಿದೆ? ಬೆಂಕಿ, ಆನೆ, ಕಳ್ಳಬೇಟೆ, ಮರಗಳ್ಳತನ, ಅವರ ದಿನ ಅದಕ್ಕೇ ಸಾಲದು. ಫೆಬ್ರವರಿ ಬಂತೆಂದರೆ ಬೆಂಕಿ ರೇಖೆ ಕಾಯುತ್ತ ಬಿಸಿಲಿನಲ್ಲಿ ಬೇಯುತ್ತಾರೆ. ಅವರ ಮೇಲೆ ಇನ್ನೊಂದು ಕೆಲಸ ಹೊರಿಸಿ ಅಂತ ನಾನು ಕೇಳುತ್ತಿಲ್ಲ.

ಆ ಕೆಲಸ ನಮಗೆ ಕೊಡಿ.

ಬೆಟ್ಟ ಹತ್ತುವ ಪ್ರತಿಯೊಬ್ಬರ ಜೇಬಿನಲ್ಲಿ ಈಗ ಕ್ಯಾಮೆರಾ ಇದೆ. ಎಲ್ಲರೂ ಹೇಗಿದ್ದರೂ ಫೋಟೋ ತೆಗೆಯುತ್ತಾರೆ. ಒಂದು ಫೋಟೋ ಬೆಟ್ಟಕ್ಕಾಗಿ ತೆಗೆಯಲಿ. ಪ್ರತಿ ಹಾದಿಯಲ್ಲಿ ನಾಲ್ಕೈದು ಜಾಗ ಗುರುತಿಸಿ. ಒಂಟಿಮರದ ತಿರುವು, ಕಲ್ಲುಮಂಟಪದ ಪಕ್ಕ, ಶೇಷ ಪರ್ವತದ ಇಳಿಜಾರು, ಇಂಥವು. ಅಲ್ಲಿ ಎದೆಯೆತ್ತರದ ಒಂದು ಕಲ್ಲುಕಂಬ ನೆಡಿ. ಕಂಬದ ತಲೆಯಲ್ಲಿ ಮೊಬೈಲ್ ಕೂರುವಷ್ಟು ಒಂದು ಕಚ್ಚು ಇರಲಿ. ಮೊಬೈಲ್ ಅದರಲ್ಲಿ ಇಟ್ಟರೆ ಯಾರು ತೆಗೆದರೂ ಒಂದೇ ಕೋನ, ಒಂದೇ ನೋಟ ಬರುತ್ತದೆ. ಕಂಬಕ್ಕೆ ಒಂದು ನಂಬರ್ ಬರೆಯಿರಿ. ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಕೆಳಗಿಳಿದ ಮೇಲೆ, ಟಿಕೆಟ್ ಕೊಟ್ಟ ಅದೇ ಜಾಲತಾಣಕ್ಕೆ ಫೋಟೋ ಸೇರಿಸುವಂತೆ ಮಾಡಿ.

ಇದು ನನ್ನ ತಲೆಯಲ್ಲಿ ಹುಟ್ಟಿದ ಹೊಸ ವಿದ್ಯೆಯೇನಲ್ಲ. ಆಸ್ಟ್ರೇಲಿಯಾದ ಸಿಡ್ನಿ ಕಡಲತೀರದಲ್ಲಿ 2017ರಲ್ಲಿ 'ಕೋಸ್ಟ್‌ಸ್ನ್ಯಾಪ್' ಅಂತ ಇಂಥದ್ದೇ ಕೆಲಸ ಶುರುವಾಯಿತು. ದಂಡೆಯಲ್ಲಿ ಮೊಬೈಲ್ ಇಡುವ ಒಂದು ಚೌಕಟ್ಟು ನಿಲ್ಲಿಸಿದರು. ವಾಕಿಂಗ್‌ಗೆ ಬಂದವರು ತೆಗೆದ ಫೋಟೋಗಳನ್ನು ಸೇರಿಸಿ, ಕಡಲು ಮರಳನ್ನು ಎಷ್ಟು ಒಯ್ದಿತು, ಎಷ್ಟು ತಂದಿತು ಅಂತ ಅಳೆದರು. ಈಗ ಅದು ಎಷ್ಟೋ ದೇಶಗಳಿಗೆ ಹರಡಿದೆ. ಅಷ್ಟು ದೂರ ಯಾಕೆ, ಪಕ್ಕದ ಕೇರಳದಲ್ಲಿ 2015ರಿಂದ 2020ರವರೆಗೆ ಹಕ್ಕಿ ನೋಡುವ ಹವ್ಯಾಸಿಗಳೇ ಊರೂರು ತಿರುಗಿ ಇಡೀ ರಾಜ್ಯದ ಹಕ್ಕಿಗಳ ಅಟ್ಲಾಸ್ ಮಾಡಿದರು. ನಮ್ಮಲ್ಲೂ ಹಕ್ಕಿ ಪ್ರಿಯರು ದಿನಾ ಬೆಳಿಗ್ಗೆ ತಾವು ಕಂಡದ್ದನ್ನು ಇ-ಬರ್ಡ್ ಎಂಬ ಜಾಲತಾಣಕ್ಕೆ ಬರೆಯುತ್ತಾರೆ. ಯಾರೂ ಅವರಿಗೆ ಸಂಬಳ ಕೊಡುವುದಿಲ್ಲ. ಪ್ರೀತಿ ಇರುವವರ ಕೈಗೆ ಒಂದು ಕ್ರಮ ಕೊಟ್ಟರೆ ಅವರು ಕೆಲಸ ಮಾಡುತ್ತಾರೆ. ಬೆಟ್ಟ ಪ್ರೀತಿಸುವವರು ಅವರಿಗಿಂತ ಕಡಿಮೆ ಇದ್ದಾರೆಯೇ?

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದು ಹಾದಿ ತೆರೆಯುವ ಮುಂಚೆ, ಆ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿ. ಯಾವ ಕಂಬದ ಮುಂದೆ ಹುಲ್ಲು ಹಿಂದೆ ಸರಿದಿದೆಯೋ ಅಲ್ಲಿ ಒಂದು ವರ್ಷ ಬೀಳು ಬಿಡಿ. ಹಾದಿಯನ್ನು ಬಂಡೆಯ ಕಡೆಗೆ ಸ್ವಲ್ಪ ತಿರುಗಿಸಬಹುದು, ಇಲ್ಲವೇ ಆ ತಿಂಗಳು ಟಿಕೆಟ್ ಕಡಿಮೆ ಮಾಡಬಹುದು. ಆ ಫೋಟೋಗಳನ್ನು ನಮಗೂ ತೋರಿಸಿ. 'ಈ ವಾರ ಟಿಕೆಟ್ ಇಲ್ಲ' ಅಂತ ಬರೀ ಒಂದು ಸಾಲು ಕಂಡರೆ ಜನ ಗೊಣಗುತ್ತಾರೆ. ಅದರ ಪಕ್ಕದಲ್ಲಿ ಎರಡು ಫೋಟೋ ಇದ್ದರೆ ಯಾರಾದರೂ ಗೊಣಗುತ್ತಾರಾ? ಕಾಳ್ಗಿಚ್ಚು ಎಲ್ಲಿ ಬಂತು, ಸುಟ್ಟ ಹುಲ್ಲು ಎಷ್ಟು ದಿನಕ್ಕೆ ಚಿಗುರಿತು, ಹಾದಿಯ ಪಕ್ಕ ಎಲ್ಲಿ ಮಣ್ಣು ಜಾರಲು ಶುರುವಾಯಿತು, ಇವೂ ಅದರಲ್ಲಿ ಸಿಗುತ್ತವೆ.

ಹಾದಿ ಸರಿಮಾಡುವುದು ಹೇಗೆ ಅಂತ ಹೇಳಲು ನಾನು ಯಾರು? ಅದನ್ನು ಆ ಗೈಡ್ ಅಣ್ಣನೇ ಹೇಳಿದರು. ಕಲ್ಲಿನ ಬುಡ ನೋಡಿ ಎದ್ದವರು ಕೊರಕಲಿನ ಮೇಲ್ಗಡೆ ನಡೆದು ಹೋಗಿ ಒಂದು ಜಾಗ ತೋರಿಸಿದರು.

"ನಮ್ಮ ತೋಟದಲ್ಲಿ ಬಸಿಗಾಲುವೆ ತೆಗೀದಿದ್ರೆ ಒಂದು ಮಳೆಗಾಲಕ್ಕೆ ಮಣ್ಣೆಲ್ಲ ಹೊಳೆಗೆ. ಇಲ್ಲೂ ಹಾಗೇ. ಇಲ್ಲೊಂದು, ಅಲ್ಲೊಂದು ಅಡ್ಡ ಕಲ್ಲು ಕೂರಿಸಿ ನೀರನ್ನ ಹುಲ್ಲಿಗೆ ಬಿಡ್ಬೇಕು. ನೀರು ಹಾದಿ ಹಿಡ್ಕೊಂಡು ಇಳಿಬಾರ್ದು. ನಾಲ್ಕು ಜನ ಇದ್ರೆ ಎರಡು ದಿನದ ಕೆಲ್ಸ."

ತಲೆತಲಾಂತರದಿಂದ ಇಳಿಜಾರಿನಲ್ಲಿ ತೋಟ ಮಾಡಿ, ಮಳೆಯ ಜೊತೆ ಬದುಕಿದ ಜನ ಅವರು. ನೀರು ಎಲ್ಲಿ ಹರಿಯುತ್ತದೆ ಅಂತ ಅವರಿಗೆ ಕಣ್ಣಿಗೆ ಕಂಡ ಹಾಗೆ ಗೊತ್ತು. ಬೆಟ್ಟದ ಬುಡದ ಊರುಗಳಲ್ಲಿ ಗ್ರಾಮ ಅರಣ್ಯ ಸಮಿತಿ, ಪರಿಸರ ಅಭಿವೃದ್ಧಿ ಸಮಿತಿಗಳು ಇವೆಯಲ್ಲ. ನಾವು ಕೊಡುವ ಟಿಕೆಟ್ ದುಡ್ಡಿನಲ್ಲಿ ಒಂದು ಪಾಲನ್ನು ಹಾದಿಯ ಕೆಲಸಕ್ಕೆ ಅಂತಲೇ ಎತ್ತಿಡಿ. ಆ ಕೆಲಸವನ್ನು ಊರಿನವರಿಗೇ ಕೊಡಿ. ಎಷ್ಟು ದುಡ್ಡು, ಯಾವ ತಿರುವಿನಲ್ಲಿ ಖರ್ಚಾಯಿತು ಅಂತ ಚೆಕ್‌ಪೋಸ್ಟ್‌ನಲ್ಲಿ ಒಂದು ಬೋರ್ಡ್ ಹಾಕಿ. ಟಿಕೆಟ್ ಬೆಲೆ ಇನ್ನೂ ಐವತ್ತು ರೂಪಾಯಿ ಜಾಸ್ತಿ ಆದರೂ ನಾನು ಸಂತೋಷದಿಂದ ಕೊಡುತ್ತೇನೆ. ಸಿಮೆಂಟ್ ಮೆಟ್ಟಿಲು, ಕಬ್ಬಿಣದ ಕಂಬಿ ಮಾತ್ರ ಬೇಡ. ದಯವಿಟ್ಟು ಬೇಡ. ಅಡ್ಡ ಕಲ್ಲು, ಬಸಿಗಾಲುವೆ ಸಾಕು.

ಫೋಟೋ ತೆಗೆಯುವವರಿಂದ ಬೆಟ್ಟಕ್ಕೆ ಆಗುವ ಹಾನಿಯನ್ನೂ ನಾನು ಮುಚ್ಚಿಡುವುದಿಲ್ಲ. ಅದರಲ್ಲಿ ನನ್ನ ಪಾಲೂ ಇದೆ. ಸಕಲೇಶಪುರದ ಕಡೆ ಒಂದು ಸಣ್ಣ ಜಲಪಾತ. ಹೆಸರೂ ಇಲ್ಲದ್ದು. ಏಲಕ್ಕಿ ತೋಟದ ಪಕ್ಕದ ಕಾಲುದಾರಿಯಲ್ಲಿ ಹೋಗಬೇಕು. ತೋಟದ ಮನೆಯ ಅಜ್ಜಿ ನಮಗೆ ಬೆಲ್ಲದ ಕಾಫಿ ಕೊಟ್ಟು ದಾರಿ ತೋರಿಸಿದ್ದರು. ಫೋಟೋ ಚೆನ್ನಾಗಿ ಬಂತು ಅಂತ ಖುಷಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದೆ. ಎಲ್ಲಿ ಅಂತ ಕೇಳಿದವರಿಗೆಲ್ಲ ಜಾಗದ ಗುರುತು ಕೊಟ್ಟೆ. ಎರಡು ವರ್ಷ ಬಿಟ್ಟು ಹೋದಾಗ ಕಾಲುದಾರಿಗೆ ಮುಳ್ಳುತಂತಿ ಬಿದ್ದಿತ್ತು. ಏಲಕ್ಕಿ ಗಿಡಗಳ ಸಾಲು ತುಳಿದು ಹಾಳಾಗಿತ್ತು. ಹಳ್ಳದಲ್ಲಿ ಚಿಪ್ಸ್ ಪ್ಯಾಕೆಟ್, ಬಾಟಲಿ. ಅಜ್ಜಿ ನನ್ನ ಗುರುತು ಹಿಡಿದರು. ಏನೂ ಅನ್ನಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಬಾಗಿಲು ಹಾಕಿದ ಸದ್ದು ನನಗೆ ಇವತ್ತಿಗೂ ಕೇಳುತ್ತದೆ. ಆ ಫೋಟೋ ತೆಗೆದುಹಾಕಿದೆ. ಅಷ್ಟಕ್ಕೆ ತೋಟ ಮೊದಲಿನಂತೆ ಆಗಲಿಲ್ಲ.

2022ರಲ್ಲಿ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ ಕುರಿಂಜಿ ಅರಳಿದಾಗಲೂ ಇಂಥದ್ದೇ ಕಂಡೆ. ವರ್ಷಗಟ್ಟಲೆ ಕಾದು ಒಮ್ಮೆ ಅರಳುವ ಹೂವು. ಅರಳಿ, ಬೀಜ ಕಟ್ಟಿ, ಆಮೇಲೆ ಗಿಡ ಒಣಗುತ್ತದೆ. ಆ ಬೀಜವೇ ಮುಂದಿನ ಹುಟ್ಟು. ಫೋಟೋಗಾಗಿ ಹೂವಿನ ನಡುವೆ ಕೂತವರು, ಮಲಗಿದವರು, ಗೊಂಚಲು ಕಿತ್ತು ಮುಡಿದವರು ಎಷ್ಟು ಜನ! ಒಂದು ಹುಡುಗಿಗೆ ಹೇಳಿದೆ, "ಅಮ್ಮಾ, ಅದು ಬೀಜ ಆಗ್ಬೇಕು, ಕೀಳಬೇಡ" ಅಂತ. "ಹೌದಾ ಆಂಟಿ? ಗೊತ್ತಿರಲಿಲ್ಲ" ಅಂತ ಅವಳು ನಿಜವಾಗಿಯೂ ನೊಂದುಕೊಂಡಳು. ಕೈಯಲ್ಲಿದ್ದ ಹೂವನ್ನು ಗಿಡದ ಬುಡದಲ್ಲೇ ಇಟ್ಟಳು. ಬಹಳಷ್ಟು ಜನ ಕೆಟ್ಟವರಲ್ಲ, ಅವರಿಗೆ ಯಾರೂ ಹೇಳಿಲ್ಲ. ಕಲ್ಲುಕಂಬದಿಂದ ಆಗುವ ಇನ್ನೊಂದು ಉಪಕಾರ ಇದೇ. ಒಂದು ನಿಮಿಷ ಅದರ ಮುಂದೆ ನಿಂತು, ಹೋದ ವರ್ಷ ಈ ಜಾಗ ಹೇಗಿತ್ತು ಅಂತ ಬೋರ್ಡ್‌ನಲ್ಲಿ ನೋಡಿದವರು ಮುಂದಿನ ಹೆಜ್ಜೆಯನ್ನು ಸ್ವಲ್ಪ ನೋಡಿಕೊಂಡೇ ಇಡುತ್ತಾರೆ.

ಪ್ರಾಣಿಗಳ ಫೋಟೋ ಈ ಲೆಕ್ಕದಲ್ಲಿ ಬೇಡ. ಕಾಟಿ ಎಲ್ಲಿ ಕಂಡಿತು, ಸಿಂಗಳೀಕದ ಗುಂಪು ಎಲ್ಲಿತ್ತು ಎಂಬುದು ಯಾರ್ಯಾರ ಕೈಗೋ ಸಿಗಬಾರದು. ಕಂಬದ ಮುಂದಿನ ಹಾದಿ, ಹುಲ್ಲು, ಮಣ್ಣು ಅಷ್ಟೇ ಸಾಕು.

ಕುದುರೆಮುಖವನ್ನೇ ನಾನು ಮತ್ತೆ ಮತ್ತೆ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಆ ಬೆಟ್ಟ ಒಮ್ಮೆ ಗಣಿಯಿಂದ ಪಾರಾಗಿ ಬಂದದ್ದು. ಕಬ್ಬಿಣದ ಅದಿರಿಗಾಗಿ ವರ್ಷಗಟ್ಟಲೆ ಅಗೆದರು. ಜನ ಹೋರಾಡಿದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ ಕೊನೆಗೆ ಗಣಿ ನಿಂತಿತು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದರಲ್ಲಿ 10 ನಮ್ಮ ರಾಜ್ಯದವು. ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಇದೆ, ಕುಮಾರ ಪರ್ವತ ಇರುವ ಪುಷ್ಪಗಿರಿ ಅಭಯಾರಣ್ಯವೂ ಇದೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಗಂಗಾಮೂಲದಲ್ಲಿ ಹುಟ್ಟುತ್ತವೆ. ಶೋಲಾ ಕಾಡು ಮತ್ತು ಹುಲ್ಲುಗಾವಲು ಮಳೆನೀರನ್ನು ಹೀರಿ ಇಟ್ಟುಕೊಂಡು ಬೇಸಿಗೆಯಲ್ಲೂ ಸ್ವಲ್ಪ ಸ್ವಲ್ಪ ಬಿಡುತ್ತವೆ. ಆ ನೀರು ಬಳ್ಳಾರಿ, ರಾಯಚೂರಿನ ಗದ್ದೆಗೂ ಹೋಗುತ್ತದೆ, ಮಂಗಳೂರಿನ ನಲ್ಲಿಗೂ ಬರುತ್ತದೆ. ಗಣಿಯಿಂದ ಉಳಿಸಿಕೊಂಡ ಮಣ್ಣು ನಮ್ಮ ಷೂಗಳಿಂದ ಹೋಗಬಾರದು ಎಂಬ ಸಂಕಟ ನನ್ನದು.

ಜೊತೆಗೆ ನಡೆಯುವ ಗೆಳೆಯ ಗೆಳತಿಯರಿಗೆ ಎರಡು ಮಾತು. ಕೆಸರಿದ್ದರೂ ಹಾದಿಯಲ್ಲೇ ನಡೆಯೋಣ. ಷೂ ತೊಳೆದರೆ ಹೋಗುತ್ತದೆ. ಉಂಬಳಕ್ಕೆ, ಅಂದರೆ ಜಿಗಣೆಗೆ, ಹೆದರಿ ಅಗಲ ಹಾದಿ ಹುಡುಕುವುದೂ ಬೇಡ, ಕಾಲಿಗೆ ಸ್ವಲ್ಪ ಹೊಗೆಸೊಪ್ಪಿನ ನೀರು ಹಚ್ಚಿಕೊಂಡರೆ ಸಾಕು. ತಂದದ್ದೆಲ್ಲ ವಾಪಸ್ ಒಯ್ಯೋಣ. ಸ್ಪೀಕರ್ ಮನೆಯಲ್ಲೇ ಇರಲಿ. ಸರಳೆ ಸಿಳ್ಳಾರ ಹಕ್ಕಿಯ ಸಿಳ್ಳು ಒಮ್ಮೆ ಕಿವಿಗೆ ಬಿದ್ದರೆ ಬೇರೆ ಯಾವ ಹಾಡೂ ಬೇಡ ಅನ್ನಿಸುತ್ತದೆ, ನಿಜವಾಗಿ. ನಿಮ್ಮ ಹತ್ತಿರ ಹಳೆಯ ಫೋಟೋಗಳಿದ್ದರೆ ಹುಡುಕಿ ನೋಡಿ. 2005ರದ್ದೋ, 2010ರದ್ದೋ, ರೀಲ್ ಕ್ಯಾಮೆರಾದ ಕಾಲದ್ದೋ. ಗುಂಪು ಫೋಟೋ ಆದರೂ ಪರವಾಗಿಲ್ಲ. ನೀವು ನಿಂತ ಹಾದಿ, ನಿಮ್ಮ ಹಿಂದಿನ ಕಲ್ಲು, ಮರ ಅದರಲ್ಲಿ ಇರುತ್ತದೆ. ಮುಂದಿನ ಸಲ ಹೋದಾಗ ಅದೇ ಜಾಗದಲ್ಲಿ ನಿಂತು ಇನ್ನೊಂದು ತೆಗೆಯಿರಿ.

ಮಾನ್ಯರೇ, ಇಡೀ ರಾಜ್ಯಕ್ಕೆ ಒಂದೇ ಸಲ ಮಾಡಿ ಅಂತ ನಾನು ಹೇಳುತ್ತಿಲ್ಲ. ಎರಡು ಹಾದಿಯಲ್ಲಿ, ಹತ್ತು ಕಂಬಗಳಿಂದ ಶುರು ಮಾಡಿ. ಕುಮಾರ ಪರ್ವತದಲ್ಲಿ ಐದು, ಕುದುರೆಮುಖದಲ್ಲಿ ಐದು. ಎರಡು ಮಳೆಗಾಲ ನೋಡಿ. ಎಲ್ಲಿ ಕಂಬ ನೆಡಬೇಕು ಅಂತ ಆ ಊರುಗಳ ಗೈಡ್‌ಗಳನ್ನು ಕೇಳಿ, ಅವರು ತೋರಿಸುತ್ತಾರೆ.

ನನ್ನ ಹತ್ತಿರ ಆ ಕಲ್ಲಿನ ಎಂಟು ಫೋಟೋ ಇವೆ. ಕುಮಾರ ಪರ್ವತದ ಕಲ್ಲುಮಂಟಪದ ಹತ್ತಿರದ್ದು ನಾಲ್ಕು, ತಡಿಯಂಡಮೋಳ್‌ನ ಹುಲ್ಲಿನ ಏರಿನದು ಮೂರು. ತೆಗೆದ ದಿನ, ಹೊತ್ತು, ನಿಂತ ಜಾಗ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಫೋಟೋಗಳನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿ ನೋಟ್‌ಬುಕ್ಕಿನ ಜೊತೆ ಕಟ್ಟಿ ಇಟ್ಟಿದ್ದೇನೆ. ಯಾವ ಕಚೇರಿಗೆ, ಯಾರಿಗೆ ಕೊಡಬೇಕು ಅಂತ ತಿಳಿಸಿ. ರಜೆ ಹಾಕಿ ನಾನೇ ಬಂದು ಕೊಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಬೆಟ್ಟ ಹತ್ತುವ ಹಾಸನದ ಒಬ್ಬಳು